ಔದ್ಯೋಗಿಕ ಆರೋಗ್ಯ ಓದುತ್ತಿದ್ದೇನೆ, ಪಟ್ಟಿಗಳೆಲ್ಲ ಬಾಯಿಪಾಠ, ಆದರೆ ಕಾರ್ಖಾನೆಯೊಳಗೆ ಹೋದರೆ ಏನೂ ಕಾಣಲ್ಲ

ಅರೆಬರೆ_ಡಾಕ್ಟರ್:

ವೈದ್ಯಕೀಯ ಓದು ಮುಗಿಸಿ ಈಗ ಔದ್ಯೋಗಿಕ ಆರೋಗ್ಯದ ಕೋರ್ಸಿಗೆ ಸೇರಿದ್ದೇನೆ. ನಾಲ್ಕು ತಿಂಗಳಾಯಿತು. ಸಿಲಿಕಾ (ಮರಳು, ಕಲ್ಲಿನ ಧೂಳಿನಲ್ಲಿರೋದು) ಅಂದರೆ ಶ್ವಾಸಕೋಶ ಗಟ್ಟಿಯಾಗುವ ಸಿಲಿಕೋಸಿಸ್, ಹತ್ತಿ ಧೂಳು ಅಂದರೆ ಎದೆ ಬಿಗಿಯುವ ಬಿಸಿನೋಸಿಸ್, ಬೆಂಜೀನ್ ಅಂದರೆ ರಕ್ತದ ಕ್ಯಾನ್ಸರ್, ಸೀಸ ಅಂದರೆ ಮಣಿಕಟ್ಟು ಜೋತು ಬೀಳೋದು. ನಿದ್ದೆಯಿಂದ ಎಬ್ಬಿಸಿ ಕೇಳಿದರೂ ತಡವರಿಸದೆ ಹೇಳುತ್ತೇನೆ.

ಕಳೆದ ವಾರ ಮೊದಲ ಸಲ ಒಂದು ಫೌಂಡ್ರಿಗೆ, ಅಂದರೆ ಲೋಹ ಕರಗಿಸಿ ಎರಕ ಹೊಯ್ಯುವ ಕಾರ್ಖಾನೆಗೆ, ಕರೆದುಕೊಂಡು ಹೋಗಿದ್ದರು. ಮರಳಿನ ಅಚ್ಚಿನಿಂದ ತೆಗೆದ ಎರಕದ ತುಂಡುಗಳನ್ನು ಉಜ್ಜಿ ನಯ ಮಾಡುವ ವಿಭಾಗ. ಎರಡು ಗಂಟೆ ಸುತ್ತಾಡಿದೆ. ಹೊರಗೆ ಬಂದಾಗ ನೋಟ್‌ಬುಕ್ಕಿನಲ್ಲಿ ಇದ್ದದ್ದು ಇಷ್ಟೇ: ಧೂಳು ಇದೆ, ಸದ್ದು ಜಾಸ್ತಿ, ಸೆಕೆ, ಎಲ್ಲರೂ ಮಾಸ್ಕ್ ಹಾಕಿದ್ದಾರೆ. ನಮ್ಮ ಮೇಡಂ ಅದನ್ನು ಓದಿ, "ಆ ಕೊನೇ ಮೂಲೆಯಲ್ಲಿದ್ದವರು ಏನು ಮಾಡ್ತಾ ಇದ್ದರು?" ಅಂತ ಕೇಳಿದರು. ಗ್ರೈಂಡಿಂಗ್ ಅಂದೆ. "ಅದು ಕೆಲಸದ ಹೆಸರು. ಅವರು ಏನು ಮಾಡ್ತಾ ಇದ್ದರು?" ಅಂದರು. ನಾನು ಸುಮ್ನೆ ನಿಂತೆ.

ಮುಂದಿನ ವಾರ ಅದೇ ಜಾಗಕ್ಕೆ ಮತ್ತೆ ಹೋಗಬೇಕು. ಈ ಕ್ಷೇತ್ರದಲ್ಲಿ ಇರುವವರು ಹೇಳಿ, ನೋಡೋದನ್ನು ಹೇಗೆ ಕಲಿತಿರಿ? ಇನ್ನೊಂದು ಪುಸ್ತಕ ಓದು ಅಂತ ಮಾತ್ರ ಹೇಳಬೇಡಿ ದಯವಿಟ್ಟು.

ಧೂಳು_ಅಳೆಯೋನು:

ನಿಮ್ಮ ಮೇಡಂ ಒಳ್ಳೇ ಮೇಷ್ಟ್ರು, ಅವರನ್ನು ಬಿಡಬೇಡಿ.

ನಾನು ಡಾಕ್ಟರ್ ಅಲ್ಲ, ಇಂಡಸ್ಟ್ರಿಯಲ್ ಹೈಜೀನಿಸ್ಟ್. ಗಾಳಿ, ಸದ್ದು, ಬಿಸಿ ಅಳೆಯೋದು ನನ್ನ ಹೊಟ್ಟೆಪಾಡು. ನಿಮ್ಮ ನೋಟ್‌ಬುಕ್ಕಿನ ಮೊದಲ ಸಾಲಿನಿಂದಲೇ ಶುರು ಮಾಡ್ತೇನೆ. "ಧೂಳು ಇದೆ" ಅಂತ ಬರೆದಿದ್ದೀರಿ. ನಿಮ್ಮ ಕಣ್ಣಿಗೆ ಕಂಡ ಧೂಳು ಅಷ್ಟು ಅಪಾಯದ್ದಲ್ಲ. ದಪ್ಪ ಕಣಗಳು ಮೂಗು ಗಂಟಲಲ್ಲೇ ಸಿಕ್ಕಿಕೊಳ್ಳುತ್ತವೆ, ಕೆಮ್ಮಿ ಉಗುಳಿದರೆ ಹೋಯಿತು. ಶ್ವಾಸಕೋಶದ ತಳದ ತನಕ ಇಳಿಯುವುದು ಸುಮಾರು 4-5 ಮೈಕ್ರಾನಿಗಿಂತ ಸಣ್ಣವು (ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದ ಒಂದು ಭಾಗ). ಅವು ಮಾಮೂಲಿ ಬೆಳಕಿನಲ್ಲಿ ಕಾಣುವುದೇ ಇಲ್ಲ. 1 ಮೈಕ್ರಾನ್ ಕಣ ತಲೆ ಎತ್ತರದಿಂದ ನೆಲ ಮುಟ್ಟಬೇಕಾದರೆ, ಗಾಳಿ ಅಲುಗಾಡದೆ ಇದ್ದರೂ, ಗಂಟೆಗಟ್ಟಲೆ ಬೇಕು. ಮಷೀನು ನಿಲ್ಲಿಸಿ, ಮಾಸ್ಕ್ ಕೆಳಗಿಳಿಸಿ, ಅಲ್ಲೇ ಕೂತು ಸುಧಾರಿಸಿಕೊಳ್ಳುವವರು ಉಸಿರಾಡುವುದು ಅದನ್ನೇ.

ಮುಂದಿನ ಸಲ ಹೋಗುವಾಗ ಒಂದು ಒಳ್ಳೇ ಟಾರ್ಚ್ ತಗೊಂಡು ಹೋಗಿ. ಕತ್ತಲಿರುವ ಮೂಲೆ ಹುಡುಕಿ. ಧೂಳಿನ ಆಚೆ ಬದಿಯಿಂದ ಬೆಳಕು ಬಿಡಿಸಿ, ನೀವು ಈಚೆ ಬದಿಯಿಂದ ಬೆಳಕಿನ ಕಡೆಗೇ ನೋಡಿ. ಬಲ್ಬು ನೇರವಾಗಿ ಕಣ್ಣಿಗೆ ಹೊಡೆಯದ ಹಾಗೆ ಕೈ ಅಡ್ಡ ಇಡಿ. ಏನೂ ಇಲ್ಲ ಅಂದುಕೊಂಡ ಜಾಗದಲ್ಲಿ ಹೊಗೆ ಥರ ಸುತ್ತುತ್ತಾ ಇರುತ್ತದೆ. ಹೀರುವ ಕೊಳವೆಯ ಕಡೆ ಹೋಗ್ತಾ ಇದೆಯೋ, ಕೆಲಸಗಾರರ ಮುಖದ ಕಡೆಗೋ ಅನ್ನೋದೂ ಗೊತ್ತಾಗುತ್ತದೆ. ಇದನ್ನು ಮೊದಲ ಸಲ ನೋಡಿದ ದಿನ ನಾನು ಮನೆಗೆ ಹೋಗಿ ಬಟ್ಟೆ ಎರಡು ಸಲ ಒಗೆದೆ.

ಆಮೇಲೆ, ಇಡೀ ಶೆಡ್ಡು ಸುತ್ತಬೇಡಿ. ಒಬ್ಬರನ್ನು ಆರಿಸಿಕೊಳ್ಳಿ, ಅವರ ಒಪ್ಪಿಗೆ ಕೇಳಿ, ಗಡಿಯಾರ ಹಿಡಿದು ಒಂದು ಗಂಟೆ ನಿಂತು ನೋಡಿ. ಎಷ್ಟು ನಿಮಿಷ ಉಜ್ಜಿದರು, ಎಷ್ಟು ನಿಮಿಷ ಗುಡಿಸಿದರು, ಚಕ್ರ ಬದಲಾಯಿಸುವಾಗ ಏನು ಮಾಡಿದರು, ಎಷ್ಟು ಸಲ ಮುಖ ಮುಂದಕ್ಕೆ ಬಾಗಿಸಿದರು. ಗ್ರೈಂಡಿಂಗ್ ಅನ್ನೋ ಒಂದು ಪದದೊಳಗೆ ಏಳೆಂಟು ಕೆಲಸ ಇರ್ತಾವೆ. ಅದರಲ್ಲಿ ಹತ್ತು ನಿಮಿಷದ ಒಂದು ಕೆಲಸವೇ ದಿನದ ಅರ್ಧ ಧೂಳು ಕೊಟ್ಟಿರಬಹುದು, ಒಣ ಪೊರಕೆಯಲ್ಲಿ ಗುಡಿಸೋದು ಅಂಥದ್ದು.

ಅಳತೆಯ ಬಗ್ಗೆ ಒಂದು ಮಾತು. ನಾವು ಸಣ್ಣ ಪಂಪನ್ನು ಸೊಂಟಕ್ಕೆ ಕಟ್ಟಿ, ಫಿಲ್ಟರನ್ನು ಕಾಲರ್ ಹತ್ತಿರ, ಮೂಗಿನಿಂದ 30 ಸೆಂಟಿಮೀಟರ್ ಒಳಗೆ ಸಿಕ್ಕಿಸುತ್ತೇವೆ. ಗೋಡೆಗೆ ನೇತು ಹಾಕಿದ ಮೀಟರ್ ಗೋಡೆಯ ಆರೋಗ್ಯ ಹೇಳುತ್ತದೆ ಅಷ್ಟೇ. ಅಮೆರಿಕದಲ್ಲಿ 2016ರಲ್ಲಿ ಬಂದ ಸಿಲಿಕಾ ನಿಯಮದ ಮಿತಿ 8 ಗಂಟೆಯ ಸರಾಸರಿಯಲ್ಲಿ ಘನ ಮೀಟರಿಗೆ 50 ಮೈಕ್ರೋಗ್ರಾಂ. ಒಂದು ಶಿಫ್ಟಿನಲ್ಲಿ ಸುಮಾರು 10 ಘನ ಮೀಟರ್ ಗಾಳಿ ಉಸಿರಾಡ್ತಾರೆ ಅಂತ ಲೆಕ್ಕ. ಅಂದರೆ ದಿನಕ್ಕೆ ಅರ್ಧ ಮಿಲಿಗ್ರಾಂ. ಒಂದು ಚಿಟಿಕೆ ಉಪ್ಪಿಗೆ ಹೋಲಿಸಿದರೆ ಅದು ಏನೇನೂ ಅಲ್ಲ. ಕಣ್ಣಂದಾಜು ಯಾಕೆ ನಡೆಯಲ್ಲ ಅಂತ ಈಗ ಗೊತ್ತಾಯ್ತಲ್ವಾ?

ಶಿಫ್ಟ್ ಎಷ್ಟು ಗಂಟೆಯದು ಅಂತಲೂ ಕೇಳಿ. 12 ಗಂಟೆ ಅಂದರೆ 8 ಗಂಟೆಯ ಮಿತಿಯನ್ನು ಹಾಗೇ ಹಚ್ಚಬಾರದು. ಒಳಗೆ ಹೋಗುವ ಹೊತ್ತು ಹೆಚ್ಚು, ದೇಹ ಹೊರಹಾಕಲು ಸಿಗುವ ಹೊತ್ತು ಕಮ್ಮಿ. ಉದ್ದದ ಶಿಫ್ಟಿಗೆ ಮಿತಿ ಹೊಂದಿಸುವ ಬ್ರೀಫ್ ಮತ್ತು ಸ್ಕಾಲಾ ಅವರ ಸೂತ್ರ ಹಾಕಿದರೆ ಮಿತಿ ಅರ್ಧಕ್ಕೇ ಇಳಿಯುತ್ತದೆ.

ಹಳೇ_ಸ್ಟೆತಸ್ಕೋಪ್:

ಮೇಲಿನವರು ಗಾಳಿಯ ಕಡೆಯಿಂದ ಹೇಳಿದರು, ನಾನು ರೋಗಿಯ ಕಡೆಯಿಂದ ಹೇಳ್ತೇನೆ. ನನಗೂ ಮೊದಲ ಎರಡು ವರ್ಷ ಏನೂ ಕಂಡಿರಲಿಲ್ಲ, ಅದಕ್ಕೆ ನಾಚಿಕೆ ಪಡಬೇಡಿ.

ಇಟಲಿಯ ಬರ್ನಾರ್ಡಿನೊ ರಾಮಾಜಿನಿ ಹೆಸರು ನಿಮ್ಮ ಪರೀಕ್ಷೆಗೆ ಬಂದೇ ಬರುತ್ತದೆ, 1700ರಲ್ಲಿ ಕೆಲಸಗಾರರ ಕಾಯಿಲೆಗಳ ಬಗ್ಗೆ ಪುಸ್ತಕ ಬರೆದವರು. ಆದರೆ ಆ ಪುಸ್ತಕ ಶುರುವಾದದ್ದು ಹೇಗೆ ಅಂತ ಗೊತ್ತಾ? ಅವರ ಮನೆಯ ಮಲದ ಗುಂಡಿ ಬಳಿಯುತ್ತಿದ್ದವನು ಮೈಮೇಲೆ ಬಂದವನ ಹಾಗೆ ಅವಸರ ಮಾಡುತ್ತಿದ್ದ. ಯಾಕಪ್ಪಾ ಇಷ್ಟು ಗಡಿಬಿಡಿ ಅಂತ ಕೇಳಿದರು. ಇಲ್ಲಿ ಹೆಚ್ಚು ಹೊತ್ತು ನಿಂತರೆ ಕಣ್ಣು ಹೋಗುತ್ತದೆ ಅಂದ ಅವನು. ನೋಡಿದರೆ ಕಣ್ಣು ಕೆಂಪಾಗಿ ಮಂಜಾಗಿತ್ತು. ಪ್ರಾಚೀನ ಗ್ರೀಸಿನ ವೈದ್ಯ ಹಿಪೊಕ್ರೇಟಿಸ್ ರೋಗಿಗೆ ಕೇಳಿ ಅಂತ ಹೇಳಿದ ಪ್ರಶ್ನೆಗಳ ಜೊತೆ ಇನ್ನೊಂದನ್ನು ಸೇರಿಸಿ, ನಿಮ್ಮ ಕಸುಬು ಏನು ಅಂತ ಕೇಳಿ, ಅಂತ ಡಾಕ್ಟರುಗಳಿಗೆ ಹೇಳಿದ್ದು ಇದೇ ರಾಮಾಜಿನಿ. ಮುನ್ನೂರು ವರ್ಷ ದಾಟಿದರೂ ನಮ್ಮಲ್ಲಿ ಹೆಚ್ಚಿನವರು ಆ ಪ್ರಶ್ನೆಗೆ "ಕೂಲಿ", "ಫ್ಯಾಕ್ಟರಿ" ಅಂತ ಒಂದು ಪದ ಬರೆದು ಮುಂದೆ ಹೋಗ್ತೇವೆ.

ಕಸುಬು ಕೇಳಿದ ಮೇಲೆ ನಾನು ತಪ್ಪದೆ ಕೇಳುವ ಇನ್ನೊಂದು ಪ್ರಶ್ನೆ: ಯಾವ ದಿನ ಜಾಸ್ತಿ? ರಜೆಯಲ್ಲಿ ಹೇಗಿರುತ್ತದೆ? ಹತ್ತಿ ಧೂಳಿನವರಿಗೆ ರಜೆ ಮುಗಿಸಿ ಬಂದ ಮೊದಲ ದಿನ ಎದೆ ಬಿಗಿಯುತ್ತದೆ, ವಾರ ಕಳೆದ ಹಾಗೆ ಕಮ್ಮಿ ಅನ್ನಿಸುತ್ತದೆ. ಸತುವಿನ ಹೊಗೆಯ ಜ್ವರವೂ ಸೋಮವಾರದ್ದೇ, ವಾರವಿಡೀ ಮೈ ಒಗ್ಗಿಕೊಂಡಿದ್ದು ರಜೆಯಲ್ಲಿ ಮರೆತುಹೋಗುತ್ತದೆ. ಅಸ್ತಮಾ ಇದಕ್ಕೆ ಉಲ್ಟಾ. ಐಸೊಸಯನೇಟ್ ಅನ್ನೋ ರಾಸಾಯನಿಕ ಇರುವ ಪೇಂಟ್ ಸ್ಪ್ರೇ ಮಾಡುವವರಿಗೆ ಬಂದರೆ ವಾರ ಕಳೆದಂತೆ ಹೆಚ್ಚಾಗುತ್ತಾ ಹೋಗುವುದೇ ಸಾಮಾನ್ಯ, ರಾತ್ರಿ ಕೆಮ್ಮು, ಮಲಗಲು ಆಗಲ್ಲ. ಎಲ್ಲಕ್ಕಿಂತ ವಿಚಿತ್ರ ಡೈನಮೈಟ್ ಕಾರ್ಖಾನೆಯವರದು. ನೈಟ್ರೊಗ್ಲಿಸರಿನ್ ರಕ್ತನಾಳ ಹಿಗ್ಗಿಸುತ್ತದೆ, ಹಾಗಾಗಿ ಸೋಮವಾರ ತಲೆನೋವು. ಎದೆನೋವು, ಹೃದಯಾಘಾತ ಬರುತ್ತಿದ್ದದ್ದು ಮಾತ್ರ ರಜೆಯಲ್ಲಿ, ಆ ರಾಸಾಯನಿಕ ಮೈಯಿಂದ ಇಳಿದು ರಕ್ತನಾಳ ಬಿಗಿದುಕೊಂಡಾಗ. ಕೆಲಸದಲ್ಲಿದ್ದಾಗ ಚೆನ್ನಾಗಿದ್ದ, ಮನೆಯಲ್ಲಿ ಸತ್ತ. ಪಟ್ಟಿ ಬಾಯಿಪಾಠ ಮಾಡಿದವರು ಇದನ್ನು ಕೆಲಸಕ್ಕೆ ಸಂಬಂಧವೇ ಇಲ್ಲ ಅಂತ ಬರೆದುಬಿಡ್ತಾರೆ.

ನಾನೇ ಎಡವಿದ ಒಂದು ಕೇಸ್ ಹೇಳ್ತೇನೆ. ಸಂಜೆಯಾದರೆ ತಲೆನೋವು, ವಾಕರಿಕೆ, ಸುಸ್ತು. ಬೆರಳಿಗೆ ಆಕ್ಸಿಮೀಟರ್ ಹಾಕಿದೆ, 98. ಮೈಗ್ರೇನ್ ಅಂತ ಮಾತ್ರೆ ಕೊಟ್ಟೆ. ಮೂರನೇ ಸಲ ಬಂದಾಗ ಬೇಸರದಿಂದಲೇ ಕೇಳಿದೆ, ನಿನ್ನೆ ಬೆಳಗ್ಗೆಯಿಂದ ಏನೇನು ಮಾಡಿದಿರಿ ಅಂತ. ಬಾಗಿಲು ಮುಚ್ಚಿದ ಕೋಣೆಯಲ್ಲಿ ಹಳೇ ಪೇಂಟ್ ಕೀಳುವ ದ್ರವ ಬಳಿದು ಕೆರೆಯುತ್ತಿದ್ದರು. ಡಬ್ಬದ ಮೇಲೆ ಮಿಥಿಲೀನ್ ಕ್ಲೋರೈಡ್ ಅಂತ ಇತ್ತು. ಇದು ಯಕೃತ್ತಿನಲ್ಲಿ ಒಡೆದು ಕಾರ್ಬನ್ ಮೊನಾಕ್ಸೈಡ್ ಆಗುತ್ತದೆ! ಹೊಗೆ ಇಲ್ಲ, ಬೆಂಕಿ ಇಲ್ಲ, ಮೈಯೊಳಗೇ ತಯಾರಾಗುತ್ತದೆ, ಕೆಲಸ ನಿಲ್ಲಿಸಿದ ಮೇಲೂ ಕೆಲವು ಗಂಟೆ ಏರುತ್ತಲೇ ಇರುತ್ತದೆ. ಸಾಮಾನ್ಯ ಆಕ್ಸಿಮೀಟರಿಗೆ ಆಮ್ಲಜನಕ ಹೊತ್ತ ರಕ್ತಕ್ಕೂ ಮೊನಾಕ್ಸೈಡ್ ಹೊತ್ತ ರಕ್ತಕ್ಕೂ ವ್ಯತ್ಯಾಸ ಗೊತ್ತಾಗಲ್ಲ, ಹಾಗಾಗಿ 98 ತೋರಿಸಿತ್ತು. ರಕ್ತ ತೆಗೆದು ಕೋ-ಆಕ್ಸಿಮೀಟರಿನಲ್ಲಿ ನೋಡಬೇಕಿತ್ತು. ಮಿಥಿಲೀನ್ ಕ್ಲೋರೈಡ್ ಪರೀಕ್ಷೆಗೆ ಓದಿದ್ದೆ ಕಣ್ರೀ. ಪೂರ್ತಿ ಅಂಕ ಬಂದಿತ್ತು.

ಇನ್ನೊಂದು ಮರೆತೆ. "20 ವರ್ಷದಿಂದ ಇದ್ದೇನೆ, ನನಗೇನೂ ಆಗಿಲ್ಲ" ಅನ್ನೋವರು ಪ್ರತಿ ಕಾರ್ಖಾನೆಯಲ್ಲೂ ಇರ್ತಾರೆ. ಏನಾದರೂ ಆದವರು ಕೆಲಸ ಬಿಟ್ಟು ಹೋಗಿರ್ತಾರೆ, ನಿಮಗೆ ಸಿಗೋದು ಉಳಿದವರು ಮಾತ್ರ. ಬಿಟ್ಟು ಹೋದವರ ವಿಳಾಸ ಹುಡುಕಿ. ಕಲ್ನಾರಿನಿಂದ (ಆಸ್ಬೆಸ್ಟಾಸ್) ಬರುವ ಮೀಸೋಥೀಲಿಯೋಮಾ ಅನ್ನೋ ಕ್ಯಾನ್ಸರ್ ಕಾಣಿಸಿಕೊಳ್ಳಲು 30-40 ವರ್ಷವೇ ಹಿಡಿಯಬಹುದು, ಅಷ್ಟರಲ್ಲಿ ಆ ಮನುಷ್ಯ ನಿವೃತ್ತಿಯಾಗಿ ಬೇರೆ ಯಾವುದೋ ಡಾಕ್ಟರ್ ಮುಂದೆ ಕೂತಿರ್ತಾನೆ.

ಮುಖವಾಡದ_ವೆಲ್ಡರ್:

ನಾನು ಡಾಕ್ಟರೂ ಅಲ್ಲ ಅಳೆಯೋನೂ ಅಲ್ಲ, ನೀವೆಲ್ಲ ಬಂದು ನೋಡಿ ಹೋಗ್ತೀರಲ್ಲ, ಆ ಕಡೆಯವನು.

ನೀವು ಬರೋ ದಿನ ನಮಗೆ ಮೊದಲೇ ಗೊತ್ತಿರುತ್ತದೆ. ಹಿಂದಿನ ದಿನ ನೆಲ ತೊಳೀತಾರೆ. ಬೆಳಗ್ಗೆ ಹೊಸ ಮಾಸ್ಕ್ ಹಂಚ್ತಾರೆ. "ಎಲ್ಲರೂ ಮಾಸ್ಕ್ ಹಾಕಿದ್ದಾರೆ" ಅಂತ ಬರೆದಿರಲ್ಲ, ಅದನ್ನು ಓದಿ ನಗು ಬಂತು. ಮಾಸ್ಕಿನ ಮೂಗಿನ ಪಟ್ಟಿ ಒತ್ತಿದ್ದರಾ? ಎರಡು ಎಲಾಸ್ಟಿಕ್ಕಿನಲ್ಲಿ ಕೆಳಗಿನದು ಕತ್ತಿಗೆ ಹಾಕಿದ್ದರಾ, ಇಲ್ಲ ಗಲ್ಲದ ಕೆಳಗೆ ಜೋತಾಡ್ತಾ ಇತ್ತಾ? ಗಡ್ಡ ಎಷ್ಟು ಜನಕ್ಕೆ ಇತ್ತು? ಗಡ್ಡ ಇದ್ದರೆ ಅದು ಬರೀ ಅಲಂಕಾರ, ಗಾಳಿ ಪಕ್ಕದಿಂದಲೇ ನುಗ್ಗುತ್ತದೆ.

ಸ್ಟೆತಸ್ಕೋಪ್ ಸಾರ್ ಹೇಳಿದ ಸೋಮವಾರದ ಜ್ವರ ನನಗೆ ಎಷ್ಟು ಸಲ ಬಂದಿದೆಯೋ ಲೆಕ್ಕ ಇಲ್ಲ. ಸತು ಲೇಪದ ಪೈಪು ಬೆಸೆದ ದಿನ ಸಂಜೆ ಬಾಯಲ್ಲಿ ಕಬ್ಬಿಣ ನೆಕ್ಕಿದ ಹಾಗೆ ರುಚಿ. ರಾತ್ರಿ ಚಳಿ, ಹಲ್ಲು ಕಟಕಟ. ಬೆಳಗ್ಗೆ ಬೆವರಿ ಎದ್ದರೆ ಏನೂ ಆಗೇ ಇಲ್ಲ ಅನ್ನೋ ಥರ. ಹಾಲು ಕುಡಿದರೆ ಬರಲ್ಲ ಅಂತ ಹಿರಿಯರು ಹೇಳಿದ್ದರು, ಕುಡಿದೆ, ಬಂತು.

ಹೊಗೆ ಹೀರೋ ಕೈ ಇದೆ ನಮ್ಮಲ್ಲಿ, ಉದ್ದದ ಸೊಂಡಿಲಿನ ಥರ. ಅದನ್ನು ಹತ್ತಿರ ಎಳೆದುಕೊಂಡರೆ ಬೆಸೆಯೋ ಟಾರ್ಚಿಗೆ ಅಡ್ಡ ಬರುತ್ತದೆ, ತುಂಡಿಗೆ ಇಷ್ಟು ಅಂತ ಕೂಲಿ, ನಿಧಾನ ಆದರೆ ನಮಗೇ ನಷ್ಟ. ಅದಕ್ಕೆ ದೂರ ತಳ್ತೇವೆ. ಮೋಟಾರ್ ಓಡ್ತಾ ಇರುತ್ತದೆ, ನೋಡೋಕೆ ಚೆನ್ನಾಗಿರುತ್ತದೆ. ನೀವು ಬಂದಾಗ ಅದರ ಬಾಯಿ ಎಲ್ಲಿದೆ ನೋಡಿ, ಮತ್ತೆ ಕೂಲಿ ಹೇಗೆ ಲೆಕ್ಕ ಹಾಕ್ತಾರೆ ಅಂತಲೂ ಕೇಳಿ. ಎರಡೂ ಒಂದೇ ಕಾಯಿಲೆ.

ಧೂಳು_ಅಳೆಯೋನು:

ಕೂಲಿ ಲೆಕ್ಕದ ಮಾತು ನೂರಕ್ಕೆ ನೂರು. ಸೊಂಡಿಲಿನ ಬಗ್ಗೆ ಲೆಕ್ಕ ಹೇಳ್ತೇನೆ: ಕೊಳವೆಯ ಬಾಯಿಯಿಂದ ಅದರ ವ್ಯಾಸದಷ್ಟು ದೂರ ಹೋದರೆ ಸಾಕು, ಹೀರುವ ವೇಗ ಸುಮಾರು ಹತ್ತನೇ ಒಂದು ಭಾಗಕ್ಕೆ ಇಳಿದಿರುತ್ತದೆ. ಊದಿ ದೀಪ ಆರಿಸಬಹುದು, ಹೀರಿ ಆರಿಸಿ ನೋಡೋಣ, ಅದೇ ವ್ಯತ್ಯಾಸ. ಒಂದು ಮೊಳ ದೂರ ತಳ್ಳಿದ ಸೊಂಡಿಲು ಇದ್ದೂ ಇಲ್ಲದ ಹಾಗೆ. 2017ರಲ್ಲಿ ಕ್ಯಾನ್ಸರ್ ಸಂಶೋಧನೆಯ ಅಂತರರಾಷ್ಟ್ರೀಯ ಸಂಸ್ಥೆ ಐಎಆರ್‌ಸಿ ವೆಲ್ಡಿಂಗ್ ಹೊಗೆಯನ್ನು ಮೊದಲ ಗುಂಪಿಗೆ, ಅಂದರೆ ಮನುಷ್ಯರಿಗೆ ಕ್ಯಾನ್ಸರ್ ತರುತ್ತದೆ ಅಂತ ಖಚಿತವಾದವುಗಳ ಸಾಲಿಗೆ, ಸೇರಿಸಿತು. ಹಾಗಾಗಿ ಆ ಮೊಳ ಮುಖ್ಯ.

ಅರೆಬರೆ_ಡಾಕ್ಟರ್:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಮಾಸ್ಕಿನ ಎಲಾಸ್ಟಿಕ್ ನಾನು ನೋಡೇ ಇಲ್ಲ, ಒಪ್ಪಿಕೊಳ್ತೇನೆ. ಒಂದು ದಡ್ಡ ಪ್ರಶ್ನೆ. ಸರಿಯಾಗಿ ಹಾಕಿಕೊಳ್ಳೋದು ಕಲಿಸಿದರೆ ಒಳ್ಳೇ ಮಾಸ್ಕು, ಒಳ್ಳೇ ಕಿವಿ ಮುಚ್ಚಳ ಸಾಕಲ್ವಾ? ನಿಯಂತ್ರಣದ ಮೆಟ್ಟಿಲುಗಳಲ್ಲಿ ಇದನ್ನು ಯಾಕೆ ಕೊನೆಗೆ ಇಟ್ಟಿದ್ದಾರೆ? ತೆಗೆದುಹಾಕು, ಬದಲಾಯಿಸು, ಇಂಜಿನಿಯರಿಂಗ್ ಮಾಡು, ನಿಯಮ ಮಾಡು, ಕೊನೆಗೆ ಮಾಸ್ಕ್ ಅನ್ನೋ ಕ್ರಮ ಬಾಯಿಪಾಠ ಆಗಿದೆ, ಕಾರಣ ಮನಸ್ಸಿಗೆ ಇಳಿದಿಲ್ಲ.

ರಾತ್ರಿಪಾಳಿ_ನರ್ಸ್:

ಕಿವಿಯದ್ದು ನಾನು ಹೇಳ್ತೇನೆ, ವರ್ಷಕ್ಕೆ ನೂರಾರು ಆಡಿಯೋಗ್ರಾಂ, ಅಂದರೆ ಕಿವಿ ಎಷ್ಟು ಕೇಳುತ್ತದೆ ಅನ್ನೋ ಪರೀಕ್ಷೆಯ ನಕ್ಷೆ, ಮಾಡುವವಳು ನಾನು.

ಸದ್ದು 3 ಡೆಸಿಬೆಲ್ ಏರಿದರೆ ಶಕ್ತಿ ಎರಡರಷ್ಟು. 85ರಲ್ಲಿ 8 ಗಂಟೆ ಇರಬಹುದು ಅಂದರೆ 88ರಲ್ಲಿ 4 ಗಂಟೆ, 100ರಲ್ಲಿ ಬರೀ 15 ನಿಮಿಷ. ಈಗ ನಿಮ್ಮ ಒಳ್ಳೇ ಮುಚ್ಚಳ ತಗೊಳ್ಳಿ, 30 ಡೆಸಿಬೆಲ್ ತಡೆಯುತ್ತದೆ ಅಂದುಕೊಳ್ಳೋಣ. 8 ಗಂಟೆಯ ಶಿಫ್ಟಿನಲ್ಲಿ ಬೆವರು ಒರೆಸಲು, ಫೋನ್ ಎತ್ತಲು, ಪಕ್ಕದವರ ಮಾತು ಕೇಳಲು ಎಲ್ಲ ಸೇರಿ ಬರೀ ಅರ್ಧ ಗಂಟೆ ತೆಗೆದರು. ಆ ಅರ್ಧ ಗಂಟೆಯಲ್ಲೇ ದಿನದ ಹದಿನಾರನೇ ಒಂದು ಭಾಗ ಸದ್ದು ಪೂರ್ತಿ ಒಳಗೆ ಹೋಯಿತು. ಲೆಕ್ಕ ಹಾಕಿ, ಸಿಕ್ಕ ರಕ್ಷಣೆ 30 ಅಲ್ಲ, 12. ಮಷೀನಿಗೆ ಪೆಟ್ಟಿಗೆ ಕಟ್ಟಿದರೆ ಅದು ಬೆವರು ಒರೆಸಿಕೊಳ್ಳಲ್ಲ, ಫೋನ್ ಎತ್ತಲ್ಲ.

ಆಡಿಯೋಗ್ರಾಂನ ಗೆರೆಯಲ್ಲಿ ಮೊದಲು 4000 ಹರ್ಟ್ಸ್ ಹತ್ತಿರ ಒಂದು ಗುಳಿ ಬೀಳುತ್ತದೆ, ಅಂದರೆ ಆ ಕೀಚಲು ಸದ್ದು ಕೇಳಿಸೋದು ಕಮ್ಮಿಯಾಗಿದೆ ಅಂತ. ಆ ಹೊತ್ತಿಗೆ ಅವರಿಗೆ ಏನೂ ಗೊತ್ತಾಗಿರಲ್ಲ, ಕಿವಿ ಚೆನ್ನಾಗಿದೆ ಅಂತಾರೆ. ಗುಳಿ ಅಗಲ ಆಗ್ತಾ ಬಂದ ಮೇಲೆ ಹೆಂಡತಿ ಮಕ್ಕಳು ಗೊಣಗ್ತಾರೆ ಅಂತ ಶುರುವಾಗುತ್ತದೆ. ಸ್ವರಗಳು ಕೇಳುತ್ತವೆ, ಸ, ಶ, ತ, ಕ ಇಂಥ ವ್ಯಂಜನಗಳು ಉದುರಿಹೋಗಿರುತ್ತವೆ. ಕತ್ತಿಯೋ ಬತ್ತಿಯೋ ಸುತ್ತಿಯೋ ಗೊತ್ತಾಗಲ್ಲ. ಜೋರಾಗಿ ಹೇಳಿದರೆ ಕಿರುಚಬೇಡ ಅಂತಾರೆ. ಒಂದು ಕಿವಿಮಾತು: ಶಿಫ್ಟ್ ಮುಗಿಸಿ ನೇರ ಬಂದವರಿಗೆ ಪರೀಕ್ಷೆ ಮಾಡಬೇಡಿ, ಕಿವಿ ದಣಿದಿರುತ್ತದೆ. ಸುಮಾರು 14 ಗಂಟೆ ಗದ್ದಲದಿಂದ ದೂರ ಇದ್ದು ಬರಲಿ.

ಇದಕ್ಕಿಂತ ದೊಡ್ಡ ವಿಷಯ ಇನ್ನೊಂದಿದೆ. ನಾನು ಹಿಂದೆ ಇದ್ದ ಒಂದು ಕಡೆ ಮ್ಯಾನೇಜರ್ ಬಂದು ಕಿವಿ ಕೆಟ್ಟವರ ಪಟ್ಟಿ ಕೊಡಿ ಅಂದರು. ಯಾಕೆ ಅಂದೆ. ಕಾಂಟ್ರಾಕ್ಟ್ ಮುಂದುವರಿಸುವಾಗ ನೋಡೋಕೆ ಅಂದರು. ಕೊಡಲಿಲ್ಲ. ಈ ವ್ಯಕ್ತಿ ಈ ಕೆಲಸಕ್ಕೆ ಆಗ್ತಾರೋ ಇಲ್ಲವೋ, ಏನು ಬದಲಾವಣೆ ಬೇಕು, ಇಷ್ಟೇ ಹೇಳೋದು, ರೋಗದ ಹೆಸರು ಫೈಲಿನಿಂದ ಆಚೆ ಹೋಗಬಾರದು. ಬೇಕಿದ್ದರೆ ಹೆಸರಿಲ್ಲದೆ, ಈ ವಿಭಾಗದಲ್ಲಿ ಇಷ್ಟು ಜನಕ್ಕೆ ಗುಳಿ ಬಿದ್ದಿದೆ, ಮಷೀನು ಸರಿ ಮಾಡಿ ಅಂತ ಕೊಡ್ತೇನೆ ಅಂದೆ. ಮುಂದಿನ ಮೂರು ತಿಂಗಳು ನನ್ನ ಡ್ಯೂಟಿ ಪಟ್ಟಿ ನೋಡಬೇಕಿತ್ತು ನೀವು. ಆದರೆ ಆ ಸುದ್ದಿ ಕೆಳಗೆ ಹರಡಿದ ಮೇಲೆ ಜನ ನಿಜ ಹೇಳೋಕೆ ಶುರು ಮಾಡಿದರು. ಅದಕ್ಕೆ ಮುಂಚೆ ಎಲ್ಲರ ಫಾರಂನಲ್ಲೂ ಕೆಮ್ಮು ಇಲ್ಲ, ದಮ್ಮು ಇಲ್ಲ, ಎಲ್ಲ ಇಲ್ಲ. ಸಂಬಳ ಕೊಡೋರು ಒಬ್ಬರು, ರೋಗಿ ಇನ್ನೊಬ್ಬರು, ಈ ಕೆಲಸದ ಕಷ್ಟ ಅದೇ. ಇದನ್ನು ನಿಮ್ಮ ಕೋರ್ಸಿನಲ್ಲಿ ಎಷ್ಟು ಗಂಟೆ ಕಲಿಸ್ತಾರೆ?

ಹಳೇ_ಸ್ಟೆತಸ್ಕೋಪ್:

ಸಿಸ್ಟರ್ ಹೇಳಿದ್ದಕ್ಕೆ ಒಂದು ಸಾಲು ಸೇರಿಸ್ತೇನೆ. 1977ರಲ್ಲಿ ಕ್ಯಾಲಿಫೋರ್ನಿಯಾದ ಒಂದು ಕೀಟನಾಶಕ ಕಾರ್ಖಾನೆಯಲ್ಲಿ ಡಿಬಿಸಿಪಿ ಅನ್ನೋ ರಾಸಾಯನಿಕ ಗಂಡಸರ ವೀರ್ಯಾಣು ನಾಶ ಮಾಡುತ್ತಿದೆ ಅಂತ ಪತ್ತೆಯಾಯಿತು. ಮೊದಲು ಅನುಮಾನ ಬಂದದ್ದು ಯಾವ ಡಾಕ್ಟರಿಗೂ ಅಲ್ಲ. ನಮ್ಮಲ್ಲಿ ಯಾರಿಗೂ ಮಕ್ಕಳಾಗ್ತಾ ಇಲ್ಲವಲ್ಲ ಅಂತ ಕೆಲಸಗಾರರು ತಮ್ಮತಮ್ಮಲ್ಲೇ ಮಾತಾಡಿಕೊಂಡದ್ದರಿಂದ. ಆ ಮಾತು ನಿಮ್ಮ ಕಿವಿಗೂ ಬೀಳಬೇಕಾದರೆ ಅವರು ನಿಮ್ಮ ಮುಂದೆ ಮಾತಾಡುವಂತಿರಬೇಕು.

ಅರೆಬರೆ_ಡಾಕ್ಟರ್:

ಅಪ್‌ಡೇಟ್. ನಿನ್ನೆ ಮತ್ತೆ ಹೋಗಿದ್ದೆ. ಅದೇ ಕೊನೇ ಮೂಲೆ. ಅವರ ಒಪ್ಪಿಗೆ ಕೇಳಿ ಒಂದು ಗಂಟೆ ಪಕ್ಕದಲ್ಲಿ ನಿಂತೆ, ನಾನೂ ಸರಿಯಾದ ಮಾಸ್ಕ್ ಹಾಕಿಕೊಂಡು.

38 ನಿಮಿಷ ಉಜ್ಜಿದರು. ಎಡಗೈ ಮೇಲೆ, ಬಲಗೈ ಕೆಳಗೆ, ಮಷೀನು ನಡುಗೋದು ಮೊಣಕೈ ತನಕ ಕಾಣ್ತಾ ಇತ್ತು. ಬೆರಳು ಬೆಳ್ಳಗಾಗುತ್ತಾ ಅಂತ ಕೇಳಿದೆ. ಚಳಿಗಾಲದಲ್ಲಿ ಬೆಳಗ್ಗೆ ಎರಡು ಬೆರಳು ಸುಣ್ಣ ಬಳಿದ ಹಾಗೆ ಆಗುತ್ತವೆ ಅಂದರು. ಯಾರಿಗೂ ಹೇಳಿಲ್ಲವಂತೆ, ಯಾರೂ ಕೇಳಲಿಲ್ಲವಂತೆ. ಕಂಪನದ ಬಿಳಿ ಬೆರಳು ನನ್ನ ಪಟ್ಟಿಯಲ್ಲಿ ಇತ್ತು, ಕಳೆದ ವಾರ ನೆನಪೇ ಆಗಿರಲಿಲ್ಲ.

ಆಮೇಲೆ ಬಿಡುವಿನ ಗಂಟೆ ಹೊಡೆಯಿತು. ಮಾಸ್ಕ್ ತೆಗೆದು ಜೇಬಿಗಿಟ್ಟರು. ಗೋಡೆಗೆ ನೇತು ಹಾಕಿದ್ದ ಏರ್ ಗನ್ ತಗೊಂಡು ತಲೆಯಿಂದ ಕಾಲಿನ ತನಕ ಬಟ್ಟೆ ಮೇಲೆ ಊದಿಕೊಂಡರು. ಆಮೇಲೆ ಪಕ್ಕದವರಿಗೂ ಊದಿದರು, ಅವರು ಕೈ ಎತ್ತಿ ತಿರುಗಿ ನಿಂತರು, ದಿನಾ ಮಾಡುವ ಹಾಗೆ. ನನ್ನ ಹತ್ತಿರ ಟಾರ್ಚ್ ಇತ್ತು. ಹಚ್ಚಿ ನೋಡಿದೆ. ಇಬ್ಬರೂ ಆ ಮೋಡದೊಳಗೆ ನಗ್ತಾ ಮಾತಾಡ್ತಾ ಇದ್ದರು.

ಮೇಡಂಗೆ ತೋರಿಸಿದೆ. ಏನೂ ಹೇಳಲಿಲ್ಲ, ನೋಟ್‌ಬುಕ್ಕು ಎರಡು ಸಲ ಓದಿದರು.

ಧೂಳು_ಅಳೆಯೋನು:

ಆ ಏರ್ ಗನ್ ಅಲ್ಲಿಗೆ ಹೇಗೆ ಬಂತು ಅಂತ ಕೇಳಿದಿರಾ? ಬಟ್ಟೆ ಕೊಡವಿಕೊಳ್ಳೋಕೆ ಅಂತಲೇ ಕೊಟ್ಟಿದ್ದರೆ ಅದನ್ನು ಕಿತ್ತು ಆ ಜಾಗದಲ್ಲಿ ಸಣ್ಣ ಕಣವನ್ನೂ ಹಿಡಿಯೋ ಹೆಪಾ ಫಿಲ್ಟರ್ ಇರೋ ವ್ಯಾಕ್ಯೂಮ್ ಇಡಿಸಿ. ತುಂಡು ಕ್ಲೀನ್ ಮಾಡೋಕೆ ಇದ್ದದ್ದಾದರೆ ಸುಮ್ನೆ ಕಿತ್ತರೆ ನಾಳೆ ಇನ್ನೊಂದು ಬರುತ್ತದೆ, ಆ ಕೆಲಸಕ್ಕೂ ಬೇರೆ ದಾರಿ ತೋರಿಸಬೇಕು. ಮತ್ತೆ, ಆ ಇಬ್ಬರನ್ನು ಬೈಯಬೇಡಿ. ಮನೆಗೆ ಧೂಳು ಒಯ್ಯಬಾರದು ಅಂತ ಊದಿಕೊಳ್ತಾ ಇರಬಹುದು. ಬಟ್ಟೆ ಬದಲಾಯಿಸೋಕೆ ಕೋಣೆ ಇದೆಯಾ ಅಲ್ಲಿ?

ಅರೆಬರೆ_ಡಾಕ್ಟರ್:

ಇದೆ. ಬೀಗ ಹಾಕಿತ್ತು. ಕೀ ಯಾರ ಹತ್ತಿರ ಅಂತ ಸೋಮವಾರ ಕೇಳ್ತೇನೆ.